ಮಾತು ಕೇಳುವ ಬುಟ್ಟಿ

ಚಿಣಿಪಣಿ ಆಡುವಾಗ ಪೆಟ್ಟು ಸರಿ ಬಿತ್ತೋ ಇಲ್ಲೋ ಅಂತ ಯಾರಾದ್ರೂ ಹೇಳಬೇಕಾ? ಚಿಣಿ ಕೆಳಗ ಬೀಳೋ ಮೊದಲೇ ಅಂಗೈಗೆ ಗೊತ್ತಾಗ್ತದೆ, ಟಕ್ ಅಂತ ಕಿವಿಗೂ ಕೇಳಿಸ್ತದೆ. ಕಂಪ್ಯೂಟರ್ ಆಟದಲ್ಲಿ ಕೋಲೂ ಇಲ್ಲ, ಪೆಟ್ಟೂ ಇಲ್ಲ. ಅದನ್ನು ಆಟ ಮಾಡುವವರೇ ಕೂಡಿಸಬೇಕು.

ನಾನು ಸ್ಕ್ರ್ಯಾಚ್‌ನಲ್ಲಿ ಬಾರಿಹಣ್ಣು ಹಿಡಿಯುವ ಆಟ ಮಾಡುತ್ತಿದ್ದೇನೆ. (ಸ್ಕ್ರ್ಯಾಚ್ ಅನ್ನು ಅಮೆರಿಕದ ಎಂ.ಐ.ಟಿ.ಯವರು 2007ರಲ್ಲಿ ಮಕ್ಕಳಿಗಾಗಿ ಹೊರತಂದರು. ದುಡ್ಡು ಕೊಡಬೇಕಿಲ್ಲ.) ಮೇಲಿಂದ ಹಣ್ಣು ಉದುರ್ತಾವ, ಕೆಳಗೆ ಬುಟ್ಟಿ ಸರಿಸಿ ಹಿಡಿಬೇಕು. ಬರುವ ಶನಿವಾರ ಐದನೇ ತರಗತಿಯವರು ಆಡಲಿದ್ದಾರೆ. ಅವರು ಬೇಸತ್ತು ಎದ್ದು ಹೋಗಬಾರದು ನೋಡಿ!

ಬುಟ್ಟಿ ಸರಿಸಲು ಎರಡು ದಾರಿ. ಮೊದಲನೆಯದು, ‘ಬಾಣದ ಕೀ ಒತ್ತಿದಾಗ 10 ಹೆಜ್ಜೆ ಸರಿ’. ಆದರೆ ಕೀ ಒತ್ತಿ ಹಿಡಿದರೆ ಬುಟ್ಟಿ ಒಮ್ಮೆ ಜಿಗಿದು, ತಡೆದು ನಿಂತು, ಆಮೇಲೆ ಓಡ್ತದೆ. ಇದು ಕೀಲಿಮಣೆಯ ಗುಣ. ಟೈಪ್ ಮಾಡುವಾಗ ಒಂದು ಅಕ್ಷರ ಒತ್ತಿ ಹಿಡಿಯಿರಿ: ಮೊದಲು ಒಂದೇ ಬರ್ತದೆ, ಸ್ವಲ್ಪ ತಡೆದು ಸಾಲಾಗಿ ಬರ್ತಾವ. ಎರಡನೆಯದು, ‘ಯಾವಾಗಲೂ’ ಎಂಬ ಸುತ್ತಿನೊಳಗೆ ‘ಕೀ ಒತ್ತಿದೆಯಾ?’ ಎಂದು ಕೇಳುತ್ತಲೇ ಇರುವುದು. ಸ್ಕ್ರ್ಯಾಚ್ ಸೆಕೆಂಡಿಗೆ 30 ಸಲ ಹೀಗೆ ಕೇಳ್ತದೆ. ಹಾಗಾಗಿ ಬೆರಳು ಇಟ್ಟ ಕೂಡಲೆ ಓಡ್ತದೆ, ಎತ್ತಿದ ಕೂಡಲೆ ನಿಲ್ತದೆ. ಏನೂ ಹೇಳದೆ ಎರಡನ್ನೂ ತಮ್ಮನಿಗೆ ಆಡಲು ಕೊಟ್ಟೆ. ಮೊದಲನೆಯದಕ್ಕೆ "ಇದು ಮೊಂಡ ಅದ" ಅಂದ. ಎರಡನೆಯದಕ್ಕೆ "ಇದು ನನ್ ಮಾತ್ ಕೇಳ್ತದ" ಅಂದ. ಬುಟ್ಟಿ ಅದೇ, ಹಣ್ಣೂ ಅದೇ!

ಶಬ್ದದಲ್ಲೂ ಒಂದು ಗುಟ್ಟಿದೆ. ‘ಶಬ್ದ ಮುಗಿಯುವವರೆಗೆ ನುಡಿಸು’ ಎಂದು ಹಾಕಿದರೆ ಶಬ್ದ ನಿಲ್ಲುವ ತನಕ ಹಣ್ಣು ಅಲ್ಲೇ ತೂಗಾಡ್ತದೆ. ‘ಶಬ್ದ ಶುರು ಮಾಡು’ ಎಂದರೆ ಆಟ ನಿಲ್ಲುವುದಿಲ್ಲ. ಹಣ್ಣು ಬಿದ್ದಾಗ ಬುಟ್ಟಿಯ ಗಾತ್ರ 100 ರಿಂದ 115 ಆಗಿ ಮತ್ತೆ 100ಕ್ಕೆ ಬರುವಂತೆ ಮಾಡಿದೆ, ಭಾರ ಬಿದ್ದಂಗ ಕಾಣ್ತದೆ. ಪ್ರತಿ ಹಣ್ಣಿಗೂ ಪರದೆ ಅಲುಗಾಡಿಸುವುದು ಮಾತ್ರ ನನಗೆ ಸೇರುವುದಿಲ್ಲ, ಹೋಳಿ ಹಲಗಿ ಕಿವಿ ಹತ್ರ ಬಡಿದಂಗ ಆಗ್ತದೆ.

ದೊಡ್ಡ ಕಂಪನಿಯವರೂ ಕೈಗೇ ಹೆಚ್ಚು ಗಮನ ಕೊಡ್ತಾರೆ. 1985ರಲ್ಲಿ ಜಪಾನಿನ ನಿಂಟೆಂಡೊ ಮಾಡಿದ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಗುಂಡಿ ಹೆಚ್ಚು ಹೊತ್ತು ಒತ್ತಿದರೆ ಹೆಚ್ಚು ಎತ್ತರ ಜಿಗಿತ. ಈಗಿನ ಎಷ್ಟೋ ಜಿಗಿಯುವ ಆಟಗಳಲ್ಲಿ ಅಂಚು ದಾಟಿದ ಮೇಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ಜಿಗಿಯಲು ಬಿಡ್ತಾರೆ. ಅದಕ್ಕೇ ನಾನೂ ಬುಟ್ಟಿಯ ಅಂಚಿಗೆ ತಾಗಿದ ಹಣ್ಣನ್ನು ಹಿಡಿದಂತೆಯೇ ಎಣಿಸುತ್ತೇನೆ.

ಹಣ್ಣು ನೆಲಕ್ಕೆ ಬಿದ್ದರೆ ಯಾವ ಶಬ್ದ ಎಂದು ಇನ್ನೂ ನಿಶ್ಚಯಿಸಿಲ್ಲ. "ಅಯ್ಯಯ್ಯೋ ಅಂತ ನಂದೇ ಧ್ವನಿ ಹಾಕು" ಅಂತ ತಮ್ಮ ಗಂಟು ಬಿದ್ದಾನ.