ಪುರಸ್ಕಾರದ ಸಭಾಂಗಣದಲ್ಲಿ

ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ನಗರದಲ್ಲಿ ಡಿಸೆಂಬರ್ ತಿಂಗಳ ಹಗಲು ಬಹಳ ಮೊಟಕು. ಮಧ್ಯಾಹ್ನ ಮೂರು ಗಂಟೆಗೆಲ್ಲ ಕತ್ತಲೆ ಕವಿಯತೊಡಗುತ್ತದೆ. 1994ರ ಡಿಸೆಂಬರಿನಲ್ಲಿ ಆ ನಗರದ ಸಂಸತ್ ಭವನದಲ್ಲಿ ನಡೆದ ಸಮಾರಂಭವೊಂದರಲ್ಲಿ ಕನ್ನಡ ನಾಡಿನ ವೈದ್ಯರೊಬ್ಬರು ಗೌರವ ಸ್ವೀಕರಿಸಿದರು. ಅವರೇ ಡಾ. ಎಚ್. ಸುದರ್ಶನ್. ಅವರಿಗೆ ದೊರೆತದ್ದು ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ. ಎಂದರೆ, ಸನ್ಮಾರ್ಗದ ಬದುಕಿಗೆ ಸಲ್ಲುವ ಪುರಸ್ಕಾರ.

ಈ ಪ್ರಶಸ್ತಿಯ ಹುಟ್ಟು ಸ್ವಾರಸ್ಯಕರವಾದುದು. ಯಾಕೋಬ್ ಫಾನ್ ಯುಕ್ಸ್‌ಕುಲ್ ಎಂಬ ಲೇಖಕರಿಗೆ ಅಂಚೆಚೀಟಿಗಳ ಸಂಗ್ರಹದಲ್ಲಿ ಅಪಾರ ಆಸಕ್ತಿ. ಪರಿಸರವನ್ನು ಕಾಪಾಡುವವರಿಗೂ ಬಡವರ ಬದುಕನ್ನು ಹಸನುಗೊಳಿಸುವವರಿಗೂ ನೊಬೆಲ್ ಪ್ರಶಸ್ತಿಗಳಿರಬೇಕೆಂದು ಅವರು ಸೂಚಿಸಿದರು. ಆ ಸೂಚನೆಗೆ ಒಪ್ಪಿಗೆ ದೊರೆಯಲಿಲ್ಲ. ಅವರು ಎದೆಗುಂದದೆ, ತಾವು ಕೂಡಿಟ್ಟಿದ್ದ ಅಂಚೆಚೀಟಿಗಳನ್ನು ಮಾರಿ, ಆ ಹಣದಿಂದ 1980ರಲ್ಲಿ ಈ ಪ್ರಶಸ್ತಿಯನ್ನು ಸ್ಥಾಪಿಸಿದರು.

ಸುದರ್ಶನ್ ಅವರ ಕಾರ್ಯಕ್ಷೇತ್ರ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಮೂಲನಿವಾಸಿಗಳು ಸೋಲಿಗರು. ಬಿಳಿಗಿರಿರಂಗನು ತಮ್ಮ ಕುಲದ ಕನ್ಯೆಯನ್ನು ವರಿಸಿದನೆಂದು ನಂಬಿ, ದೇವರನ್ನೇ ‘ಭಾವ’ ಎಂದು ಕರೆಯುವ ಜನ ಅವರು. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಬೇಟೆಯೂ, ಕಾಡನ್ನು ಸವರಿ ನೆಲೆ ಬದಲಿಸುತ್ತ ಮಾಡುತ್ತಿದ್ದ ಬೇಸಾಯವೂ ನಿಂತುಹೋದವು. ಸೋಲಿಗರು ತಮ್ಮ ನೆಲದಲ್ಲೇ ಪರಕೀಯರಾದರು. ಇಂಥ ಸಮಯದಲ್ಲಿ ಸುದರ್ಶನ್ ನಗರದ ವೃತ್ತಿಯನ್ನು ಬಯಸದೆ ಬೆಟ್ಟಕ್ಕೆ ಬಂದು ನೆಲೆಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭವಾಯಿತು.

ಮೊದಮೊದಲು ಜನ ಹೊರಗಿನ ವೈದ್ಯನನ್ನು ನಂಬಲಿಲ್ಲ. ಅವರು ತಾಳ್ಮೆಯಿಂದ ಹಾಡಿಯಿಂದ ಹಾಡಿಗೆ ನಡೆದರು. ರೋಗಿಗಳ ಶುಶ್ರೂಷೆ ಮಾಡಿದರು. ರಕ್ತದ ಕೆಂಪುಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ಕಾಯಿಲೆ ಸೋಲಿಗರಲ್ಲಿ ಇರುವುದನ್ನು ಗುರುತಿಸಿದರು. ಆದರೆ ಔಷಧಿಯೊಂದರಿಂದಲೇ ಬಡತನ ನೀಗದೆಂಬುದು ಅವರಿಗೆ ಬೇಗ ಮನವರಿಕೆಯಾಯಿತು. ಆಸ್ಪತ್ರೆಯೊಡನೆ ಶಾಲೆಯೂ, ಕೈಕಸುಬಿನ ತರಬೇತಿಯೂ ಬಂದವು. ಗಿಡಮೂಲಿಕೆಗಳ ಬಗ್ಗೆ ಸೋಲಿಗರಿಗಿದ್ದ ಅರಿವನ್ನು ಅವರು ಗೌರವದಿಂದ ಕಲಿತರು. ಕಲಿಸಲು ಹೋದವರು ಕಲಿಯಲೂ ಸಿದ್ಧರಿರಬೇಕೆಂಬುದೇ ಆ ಸೇವೆಯ ಮರ್ಮ.

ಅದೇ ವರ್ಷ ಪ್ರಶಸ್ತಿ ಪಡೆದವರಲ್ಲಿ ಟ್ರಿನಿಡಾಡ್ ದ್ವೀಪದ ‘ಸರ್ವೋಲ್’ ಸಂಸ್ಥೆಯೂ ಒಂದು. 1970ರಲ್ಲಿ ಪಾದ್ರಿ ಜೆರಾರ್ಡ್ ಪ್ಯಾಂಟಿನ್ ಅವರು ಪ್ರಸಿದ್ಧ ಕ್ರಿಕೆಟ್ ಆಟಗಾರ ವೆಸ್ ಹಾಲ್ ಅವರೊಡನೆ ಬಡವರ ಕೇರಿಗಳಲ್ಲಿ ನಡೆದು, ‘ನಿಮಗೆ ನಾವು ಹೇಗೆ ನೆರವಾಗಬಹುದು?’ ಎಂದು ಕೇಳಿದ್ದರಿಂದ ಹುಟ್ಟಿದ ಸಂಸ್ಥೆ ಅದು.

ಗೌರವಕ್ಕೆ ಪಾತ್ರರಾದ ಇನ್ನೊಬ್ಬರು ಮಾತ್ರ ಸಭೆಗೆ ಬರುವಂತಿರಲಿಲ್ಲ. ಅವರು ನೈಜೀರಿಯಾ ದೇಶದ ಸಾಹಿತಿ ಕೆನ್ ಸಾರೊ-ವಿವಾ. ನೈಜರ್ ನದಿಯ ಮುಖಜ ಭೂಮಿಯಲ್ಲಿ ಖನಿಜ ತೈಲವನ್ನು ತೆಗೆದುದರಿಂದ ಒಗೋನಿ ಜನರ ಹೊಲಗಳೂ ಹೊಳೆಗಳೂ ಹಾಳಾಗಿದ್ದವು. ಇದರ ವಿರುದ್ಧ ಅವರು ಅಹಿಂಸಾತ್ಮಕ ಚಳುವಳಿಯನ್ನು ಕಟ್ಟಿದ್ದರು. 1994ರ ಮೇ ತಿಂಗಳಲ್ಲಿ ಸೈನಿಕ ಸರ್ಕಾರ ಅವರನ್ನು ಸೆರೆಯಲ್ಲಿಟ್ಟಿತು. ಸ್ಟಾಕ್‌ಹೋಮಿನಲ್ಲಿ ಅವರ ಹೆಸರು ಗೌರವ ಪಡೆದಾಗ ಅವರು ಬಂಧನದಲ್ಲಿದ್ದರು. ಲೋಕದ ಪ್ರತಿಭಟನೆಯನ್ನು ಲೆಕ್ಕಿಸದೆ, 1995ರ ನವೆಂಬರ್ 10ರಂದು ಅವರನ್ನೂ ಇತರ ಎಂಟು ಮಂದಿಯನ್ನೂ ಗಲ್ಲಿಗೇರಿಸಲಾಯಿತು. ಮರುದಿನವೇ ಕಾಮನ್‌ವೆಲ್ತ್ ಒಕ್ಕೂಟ ನೈಜೀರಿಯಾವನ್ನು ಅಮಾನತಿನಲ್ಲಿಟ್ಟಿತು.

ಹಾಗಾದರೆ ಪ್ರಶಸ್ತಿಯಿಂದಾದ ಪ್ರಯೋಜನವೇನು? ಅದು ಸಾರೊ-ವಿವಾ ಅವರ ಪ್ರಾಣವನ್ನು ಉಳಿಸಲಿಲ್ಲ, ನಿಜ. ಆದರೆ ಮೂಲೆಯೊಂದರಲ್ಲಿ ಅಡಗಿಹೋಗಬಹುದಾಗಿದ್ದ ಜನರ ಸಂಕಟವನ್ನು ಜಗತ್ತಿನ ಕಣ್ಣೆದುರಿಗೆ ತಂದಿತು. ಬೆಟ್ಟದ ಸೋಲಿಗರೂ ತಮ್ಮ ನೆಲಕ್ಕಾಗಿ ಬಹುಕಾಲ ಹೋರಾಡಿದರು. ಕೊನೆಗೆ 2011ರಲ್ಲಿ ಅವರ ಹಲವು ಗ್ರಾಮಸಭೆಗಳ ಅರಣ್ಯ ಹಕ್ಕುಗಳು ಮಾನ್ಯವಾದವು.

ಸಮಾರಂಭ ಒಂದು ದಿನದಲ್ಲಿ ಮುಗಿಯುತ್ತದೆ, ಸೇವೆ ಮುಗಿಯುವುದಿಲ್ಲ. ಗೌರವ ಪಡೆದವರು ಮತ್ತೆ ತಮ್ಮ ಜನರ ನಡುವೆ ನಿಂತು ದುಡಿಯುವಾಗಲೇ ಆ ಗೌರವಕ್ಕೆ ಬೆಲೆ. ಚಪ್ಪಾಳೆ ತಟ್ಟಿದವರಿಗೂ ಒಂದು ಹೊಣೆಯುಂಟು: ತಾವು ಕೊಂಡಾಡಿದವರು ಸಂಕಟಕ್ಕೆ ಸಿಲುಕಿದಾಗ ಅವರನ್ನು ಮರೆಯದಿರುವುದು.