ಹತ್ತು ದಿನಗಳ ಲೆಕ್ಕ: ಉಳಿತಾಯದ ಪಾಠ

ಯೆಣೆಗೂರ, ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಉಳಿತಾಯದ ಪಾಠವನ್ನು ಬೋಧಿಸುವ ಶಿಕ್ಷಕರಿಗೆ ಒಂದು ಎಚ್ಚರ ಅವಶ್ಯಕ. ಮರಾಠವಾಡಾದಿಂದ ಕಬ್ಬು ಕಡಿಯಲು ಹೋಗುವ ಅನೇಕ ಕುಟುಂಬಗಳು ಹಂಗಾಮಿಗೆ ಮುನ್ನವೇ ಮುಕಾದಮನಿಂದ ‘ಉಚಲ್’ ಎಂಬ ಮುಂಗಡ ಪಡೆಯುತ್ತವೆ. ಅವರ ಕೂಲಿ ಕೈ ಸೇರುವ ಮೊದಲೇ ಸಾಲಕ್ಕೆ ಜಮೆಯಾಗುತ್ತದೆ. ಆದ್ದರಿಂದ ‘ದುಂದುವೆಚ್ಚ ಮಾಡದಿದ್ದರೆ ಹಣ ಉಳಿಯುತ್ತದೆ’ ಎಂಬ ಮಾತು ಇಂಥ ಮನೆಯ ಮಗುವಿಗೆ ನಿಂದೆಯಂತೆ ಕೇಳಿಸೀತು.

ಉಪಕ್ರಮ: ಈ ಕಲ್ಪಿತ ಲೆಕ್ಕವನ್ನು ಫಲಕದ ಮೇಲೆ ಬರೆಯಿರಿ. ಮುಂಗಡ 60,000 ರೂಪಾಯಿ. ಟನ್ನಿಗೆ ಕೂಲಿ 300 ರೂಪಾಯಿ. ಗಂಡಹೆಂಡಿರು ಕೂಡಿ ದಿನಕ್ಕೆ ಕಡಿಯುವುದು 2 ಟನ್. ದಿನಖರ್ಚನ್ನು ಲೆಕ್ಕಿಸದಿದ್ದರೂ ಸಾಲ ತೀರಲು 100 ದಿನ ಬೇಕು. ನೂರರಲ್ಲಿ 10 ದಿನ ಕಾಯಿಲೆಯಿಂದ ತಪ್ಪಿದರೆ 6,000 ರೂಪಾಯಿ ಬಾಕಿ ಮುಂದಿನ ವರ್ಷಕ್ಕೆ ಸಾಗುತ್ತದೆ. ಅಂಚೆ ಕಚೇರಿಯ ಆವರ್ತ ಠೇವಣಿಯಲ್ಲಿ ತಿಂಗಳಿಗೆ ಕನಿಷ್ಠ ಮೊತ್ತವಾದ 100 ರೂಪಾಯಿ ತುಂಬಿದರೆ ಅದೇ 6,000 ಕೂಡಲು 60 ತಿಂಗಳು ಬೇಕು, ಬಡ್ಡಿ ಬೇರೆ.

ಹತ್ತು ದಿನಗಳ ಹೊಡೆತಕ್ಕೆ ಐದು ವರ್ಷಗಳ ಉಳಿತಾಯ ಸಮ. ‘ಹಾಗಾದರೆ ಉಳಿಸಿ ಫಲವೇನು?’ ಎಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರವನ್ನು ಅವರಿಂದಲೇ ಹೊರಡಿಸಿರಿ: ಹತ್ತು ಮನೆಗಳು ತಿಂಗಳಿಗೆ 100 ರೂಪಾಯಿಯಂತೆ ಕೂಡಿಸಿದರೆ 6,000 ಆರೇ ತಿಂಗಳಲ್ಲಿ ಸಿದ್ಧ. ಬಚತ ಗಟದ ತತ್ತ್ವವೇ ಇದು. ನಬಾರ್ಡ್ 1992ರಲ್ಲಿ ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯವನ್ನು ಆರಂಭಿಸಿತು. ಆಪತ್ತಿನಲ್ಲಿರುವ ಮನೆಗೆ ಗುಂಪು ಸಾಲ ಕೊಟ್ಟರೆ, ಆ ಬಾಕಿಗಾಗಿ ಮುಕಾದಮನ ಮುಂದೆ ಮತ್ತೆ ಕೈಯೊಡ್ಡಬೇಕಿಲ್ಲ.

ಸೂಚನೆ: ಯಾವ ಮಗುವಿನ ಮನೆಯ ಸಾಲವನ್ನೂ ತರಗತಿಯಲ್ಲಿ ಕೇಳಬಾರದು.