ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ



ರೆಕಾರ್ಡ್ ಮಾಡಿಟ್ಟ ಒಂದು ಟಿವಿ ಕಾರ್ಯಕ್ರಮವನ್ನು ನೀವು ಮಕ್ಕಳೊಡನೆ ಕುಳಿತು ನೋಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಕಥೆ ರಂಗೇರುವ ಹೊತ್ತಿಗೆ ಸರಿಯಾಗಿ ಜಾಹೀರಾತು ಬರುತ್ತದೆ. ನೀವು ರಿಮೋಟ್ ಹುಡುಕಿ ಮುಂದಕ್ಕೆ ಓಡಿಸುತ್ತೀರಿ. "ಯಾಕಪ್ಪಾ ಓಡಿಸ್ತೀಯಾ? ಅದೂ ಕಥೆಯೇ ಅಲ್ವಾ?" ಎಂದು ನಾಲ್ಕು ವರ್ಷದ ಮಗಳು ಕೇಳುತ್ತಾಳೆ. ನಿಮಗೆ ನಗು ಬರಬಹುದು. ಆದರೆ ಆ ಪ್ರಶ್ನೆಯನ್ನು ನಕ್ಕು ಬಿಡುವಂತಿಲ್ಲ. ಕಥೆ ಎಲ್ಲಿ ನಿಂತಿತು, ವ್ಯಾಪಾರ ಎಲ್ಲಿ ಶುರುವಾಯಿತು ಎಂಬುದು ಆ ಮಗುವಿಗೆ ತಿಳಿದಿಲ್ಲ. ಎಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತಿನ ಹಿಂದಿರುವ ಒಲಿಸುವ ಉದ್ದೇಶ ಅರ್ಥವಾಗುವುದಿಲ್ಲ, ಹೇಳಿದ್ದನ್ನೆಲ್ಲ ನಿಜವೆಂದೇ ನಂಬುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರ ಸಂಘದ ತಜ್ಞರ ತಂಡ 2004ರಲ್ಲಿ ವರದಿ ಮಾಡಿತು.

ಸ್ವಾರಸ್ಯವೆಂದರೆ, ಇದೇ ಪಾಠವನ್ನು ಯಂತ್ರಕ್ಕೆ ಕಲಿಸಲು ಮನುಷ್ಯರು ಬಹಳ ಶ್ರಮಪಟ್ಟಿದ್ದಾರೆ. ಆ ಕಥೆಯಲ್ಲಿ ನಮಗೂ ಕಲಿಯಲು ಒಂದಿಷ್ಟು ಇದೆ.

ಯಂತ್ರ ಹೇಗೆ ಗುರುತಿಸುತ್ತದೆ?

ಅಮೆರಿಕದಲ್ಲಿ 2002ರಲ್ಲಿ ಆರಂಭವಾದ ಮಿಥ್‌ಟಿವಿ, ಹಾಗೆಯೇ ಕಾಮ್‌ಸ್ಕಿಪ್ ಎಂಬ ಕಂಪ್ಯೂಟರ್ ತಂತ್ರಾಂಶಗಳು ರೆಕಾರ್ಡ್ ಆದ ಕಾರ್ಯಕ್ರಮದಲ್ಲಿ ಜಾಹೀರಾತನ್ನು ತಾವಾಗಿಯೇ ಹುಡುಕುತ್ತವೆ. ಅವು ನೋಡುವುದು ಕೆಲವು ಗುರುತುಗಳನ್ನು ಮಾತ್ರ. ಮೊದಲನೆಯದು ಕತ್ತಲು: ಕಾರ್ಯಕ್ರಮಕ್ಕೂ ಜಾಹೀರಾತಿಗೂ ನಡುವೆ ಕ್ಷಣಾರ್ಧ ಪರದೆ ಕಪ್ಪಾಗುವುದುಂಟು. ಎರಡನೆಯದು ಮೌನ: ಅದೇ ಕ್ಷಣದಲ್ಲಿ ಧ್ವನಿಯೂ ಅಡಗುತ್ತದೆ. ಮೂರನೆಯದು ವಾಹಿನಿಯ ಲಾಂಛನ: ಕಾರ್ಯಕ್ರಮದ ಉದ್ದಕ್ಕೂ ಮೂಲೆಯಲ್ಲಿರುವ ಚಿಹ್ನೆ ಅನೇಕ ವಾಹಿನಿಗಳಲ್ಲಿ ಜಾಹೀರಾತಿನ ಹೊತ್ತಿಗೆ ಮಾಯವಾಗುತ್ತದೆ. ನಾಲ್ಕನೆಯದು ಅಳತೆ: ಜಾಹೀರಾತುಗಳನ್ನು ಮಾರುವುದೇ 10, 15, 30 ಸೆಕೆಂಡುಗಳ ಲೆಕ್ಕದಲ್ಲಿ. ಎರಡು ಕತ್ತಲೆಗಳ ನಡುವೆ ಸರಿಯಾಗಿ 30 ಸೆಕೆಂಡು ಇದ್ದರೆ ಸಂಶಯ ಬಲವಾಗುತ್ತದೆ. ಐದನೆಯದು ಅವಸರ: ಜಾಹೀರಾತಿನಲ್ಲಿ ದೃಶ್ಯಗಳು ಪಟಪಟನೆ ಬದಲಾಗುತ್ತವೆ.

ಈ ಗುರುತುಗಳಲ್ಲಿ ಯಾವುದೊಂದೂ ತಾನಾಗಿ ಸಾಕ್ಷಿಯಾಗದು. ಕಥೆಯಲ್ಲಿ ದೀಪ ಆರಿದರೂ ಪರದೆ ಕಪ್ಪಾಗುತ್ತದಲ್ಲವೇ? ಆದ್ದರಿಂದ ಯಂತ್ರ ಪ್ರತಿ ತುಣುಕಿಗೂ ಎಲ್ಲ ಗುರುತುಗಳನ್ನು ಕೂಡಿಸಿ ಅಂಕ ಕೊಡುತ್ತದೆ. ಆಮೇಲೂ ತಪ್ಪಬಹುದೆಂದು, ಅನುಮಾನ ಬಂದ ಭಾಗವನ್ನು ಕೂಡಲೇ ಅಳಿಸದೆ ಅದರ ವೇಳೆಯನ್ನಷ್ಟೇ ಬರೆದಿಡುತ್ತದೆ. ಮೂಲ ಪ್ರತಿ ಹಾಗೇ ಉಳಿಯುತ್ತದೆ. ಮೊರದಲ್ಲಿ ಅಕ್ಕಿ ಆರಿಸುವ ನಮ್ಮ ತಾಯಂದಿರೂ ಹೀಗೆಯೇ. ಕಲ್ಲು ಕಂಡಿತೆಂದು ಹಿಡಿ ಅಕ್ಕಿಯನ್ನೇ ಅಂಗಳಕ್ಕೆ ಎಸೆಯುವುದಿಲ್ಲ.

ನೋಡದಿದ್ದರೆ ಕಳ್ಳತನವೇ?

ಮನಸ್ಸಾಕ್ಷಿಯುಳ್ಳವರಿಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಕಾರ್ಯಕ್ರಮದ ಖರ್ಚು ಹೊರುವುದು ಜಾಹೀರಾತು. ಅದನ್ನು ಹಾರಿಸಿ ಕಾರ್ಯಕ್ರಮ ಮಾತ್ರ ನೋಡುವುದು ನ್ಯಾಯವೇ?

ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ವಿಡಿಯೋ ರೆಕಾರ್ಡರನ್ನು ತಂದಿತು. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಚಿತ್ರಸಂಸ್ಥೆಗಳು ಅದರ ಮೇಲೆ ದಾವೆ ಹೂಡಿದವು. (ನಮ್ಮ ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದೂ ಆ 1976ರಲ್ಲೇ.) ಮಕ್ಕಳ ಕಾರ್ಯಕ್ರಮಗಳಿಂದ ಅಮೆರಿಕದಲ್ಲಿ ಮನೆಮಾತಾಗಿದ್ದ ಫ್ರೆಡ್ ರೋಜರ್ಸ್, ಕುಟುಂಬಗಳು ತಮಗೆ ಅನುಕೂಲವಾದ ವೇಳೆಯಲ್ಲಿ ನೋಡಲು ತನ್ನ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಕೊಂಡರೆ ತನ್ನ ಆಕ್ಷೇಪವಿಲ್ಲವೆಂದು ಸಾಕ್ಷಿ ನುಡಿದರು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1984ರ ಜನವರಿ 17ರಂದು, ಐದಕ್ಕೆ ನಾಲ್ಕರ ಬಹುಮತದಿಂದ, ಮನೆಯಲ್ಲಿ ನಂತರ ನೋಡಲೆಂದು ರೆಕಾರ್ಡ್ ಮಾಡುವುದು ತಪ್ಪಲ್ಲ ಎಂದಿತು.

ಆದರೆ ಯಂತ್ರವೇ ಜಾಹೀರಾತನ್ನು ಹಾರಿಸತೊಡಗಿದಾಗ ಜಗಳ ಮತ್ತೆ ಎದ್ದಿತು. ಆ ಸೌಲಭ್ಯವಿದ್ದ ರಿಪ್ಲೇಟಿವಿ ಎಂಬ ಪೆಟ್ಟಿಗೆಯ ಮೇಲೆ 2001ರಲ್ಲಿ ಟಿವಿ ಸಂಸ್ಥೆಗಳು ದಾವೆ ಹೂಡಿದವು. ಜಾಹೀರಾತು ಹಾರಿಸುವುದು ಕಳ್ಳತನವೇ ಎಂದು ಟರ್ನರ್ ಸಂಸ್ಥೆಯ ಮುಖ್ಯಸ್ಥ ಜೇಮಿ ಕೆಲ್ನರ್ 2002ರಲ್ಲಿ ವಾದಿಸಿದರು. ಪೆಟ್ಟಿಗೆ ತಯಾರಿಸುತ್ತಿದ್ದ ಕಂಪನಿ 2003ರಲ್ಲಿ ದಿವಾಳಿಯಾಯಿತು. 2012ರಲ್ಲಿ ಡಿಶ್ ನೆಟ್‌ವರ್ಕ್ ಇಂಥದೇ ಸೌಲಭ್ಯ ತಂದಿತು. ಅಲ್ಲಿ ಜಾಹೀರಾತಿನ ಆದಿ ಅಂತ್ಯಗಳನ್ನು ಗುರುತು ಮಾಡುತ್ತಿದ್ದವರು ಪ್ರತಿ ರಾತ್ರಿ ಕುಳಿತು ನೋಡುವ ಸಿಬ್ಬಂದಿ! ಫಾಕ್ಸ್ ಸಂಸ್ಥೆ ತಡೆ ಕೇಳಿತು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ತಡೆ ಕೊಡಲಿಲ್ಲ. ಜಾಹೀರಾತುಗಳ ಹಕ್ಕು ಫಾಕ್ಸ್‌ಗೆ ಸೇರಿದ್ದಲ್ಲ, ಆದ್ದರಿಂದ ಅವನ್ನು ಹಾರಿಸಿದರೆ ಅದರ ಹಕ್ಕುಸ್ವಾಮ್ಯಕ್ಕೆ ಧಕ್ಕೆಯಿಲ್ಲ ಎಂಬುದು ಒಂದು ಕಾರಣ.

ಇದು ಬೇರೆ ದೇಶದ ಕಾನೂನು. ನಮ್ಮ ಮನೆಯ ಮಟ್ಟಿಗೆ ಹೀಗೆ ಯೋಚಿಸಬಹುದು. ಜಾಹೀರಾತಿನ ಹೊತ್ತಿಗೆ ಒಲೆಯ ಮೇಲಿನ ಹಾಲು ನೋಡಲು ಎದ್ದುಹೋಗುವವಳು ಕಳ್ಳಿಯಲ್ಲ. ಅದನ್ನು ನೋಡಿಯೇ ತೀರುತ್ತೇನೆಂದು ಆಕೆ ಯಾರಿಗೂ ಮಾತು ಕೊಟ್ಟಿಲ್ಲ. ಆದರೆ ರೆಕಾರ್ಡ್ ಮಾಡಿದ್ದರಿಂದ ಜಾಹೀರಾತು ಕತ್ತರಿಸಿ, ಪ್ರತಿ ತೆಗೆದು ಊರಿಗೆಲ್ಲ ಹಂಚುವುದು ಬೇರೆ ಮಾತು. ಅದು ಇನ್ನೊಬ್ಬರ ದುಡಿಮೆಯನ್ನು ಕೇಳದೆ ಬಳಸಿಕೊಂಡಂತೆ.

ಯಂತ್ರಕ್ಕೆ ಕಾಣದ ಜಾಹೀರಾತು

1982ರ 'ಇ.ಟಿ.' ಚಲನಚಿತ್ರದಲ್ಲಿ ಒಬ್ಬ ಹುಡುಗ ರೀಸಸ್ ಪೀಸಸ್ ಎಂಬ ಮಿಠಾಯಿ ಹಾಕುತ್ತ ಅನ್ಯಗ್ರಹದ ಜೀವಿಯನ್ನು ಮನೆಯತ್ತ ಕರೆತರುತ್ತಾನೆ. ಆ ಚಿತ್ರವನ್ನು ತನ್ನ ಪ್ರಚಾರಕ್ಕೆ ಬಳಸಿಕೊಳ್ಳಲು ಮಿಠಾಯಿ ಕಂಪನಿ ಒಪ್ಪಂದ ಮಾಡಿಕೊಂಡಿತ್ತು. ಅಲ್ಲಿ ಪರದೆ ಕಪ್ಪಾಗುವುದಿಲ್ಲ, ಧ್ವನಿ ಅಡಗುವುದಿಲ್ಲ, ಲಾಂಛನ ಮಾಯವಾಗುವುದಿಲ್ಲ. ಇಂದು ಮೊಬೈಲಿನಲ್ಲಿ ಅಡುಗೆ ಹೇಳಿಕೊಡುತ್ತಲೇ ಎಣ್ಣೆಯ ಡಬ್ಬಿ ತೋರಿಸುವುದೂ ಇದೇ ಜಾತಿ. ಇದನ್ನು ಯಾವ ಗುಂಡಿ ಒತ್ತಿ ಹಾರಿಸುತ್ತೀರಿ? ಯಂತ್ರ ತಿಳಿಯುವುದು ಗುರುತನ್ನು; ಉದ್ದೇಶವನ್ನು ತಿಳಿಯಬೇಕಾದವರು ನಾವು.

ಹಾಗೆಂದು ಜಾಹೀರಾತೆಲ್ಲ ಕೆಟ್ಟದ್ದಲ್ಲ. ಜಾಹೀರಾತು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಅದೊಂದು ಸಾಧನ ಎಂದು ವ್ಯಾಟಿಕನ್ನಿನ ಸಮಾಜ ಸಂಪರ್ಕ ಮಂಡಳಿ 1997ರಲ್ಲಿ ಹೇಳಿತು. ಅದನ್ನು ಅಳೆಯಲು ಮೂರು ಅಳತೆಗೋಲುಗಳನ್ನೂ ಕೊಟ್ಟಿತು: ಸತ್ಯ, ಮಾನವ ಘನತೆ, ಸಮಾಜದ ಹೊಣೆ.

ಈ ವಾರ ಮನೆಯಲ್ಲಿ ಮಾಡಿ ನೋಡಿ

ಒಂದು ಸಂಜೆ ಜಾಹೀರಾತನ್ನು ಓಡಿಸಬೇಡಿ. ಮಕ್ಕಳೊಡನೆ ಕುಳಿತು ಪೂರ್ತಿ ನೋಡಿ. ಕಥೆ ನಿಂತ ಕ್ಷಣದಲ್ಲಿ "ಈಗ!" ಎಂದು ಮೊದಲು ಕೂಗುವವರು ಯಾರು ನೋಡೋಣ ಎನ್ನಿ. ಬಳಿಕ ಮೂರು ಪ್ರಶ್ನೆ ಕೇಳಿ:

1. ಇದನ್ನು ತೋರಿಸಲು ಹಣ ಕೊಟ್ಟವರು ಯಾರು?

2. ನಾವು ಏನು ಮಾಡಬೇಕೆಂದು ಅವರ ಆಸೆ?

3. ಅವರು ನಮಗೆ ಹೇಳದೆ ಬಿಟ್ಟದ್ದೇನು?

ಉತ್ತರ ತಪ್ಪಿದರೆ ಗದರಬೇಡಿ. ಯಂತ್ರವೂ ಎಷ್ಟೋ ಸಲ ತಪ್ಪುತ್ತದೆ. ಮರುದಿನ ರಿಮೋಟನ್ನು ಮಗಳ ಕೈಗೇ ಕೊಡಿ. ಎಲ್ಲಿ ಓಡಿಸಬೇಕು, ಯಾಕೆ ಓಡಿಸಬೇಕು ಎಂದು ಅವಳೇ ಹೇಳಲಿ. ರಿಮೋಟ್ ಇಲ್ಲದ ಕಡೆ, ಅಂಗಡಿಯಲ್ಲಿ, ಶಾಲೆಯ ಗೆಳತಿಯರ ನಡುವೆ, ಅವಳ ಜೊತೆಗಿರುವುದು ಆ "ಯಾಕೆ" ಒಂದೇ.